ಹರಿಗೋಲಿಗೆ ಹೆಪ್ಪು

ವೈಶಾಖದ ಬಿಸಿಲು ಏರುವ ಹೊತ್ತಿಗೆ ತುಂಗಭದ್ರಾ ಜಲಾಶಯದ ಹಿನ್ನೀರು ಬಹುದೂರ ಹಿಂದಕ್ಕೆ ಸರಿಯುತ್ತದೆ. ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ತಾಲ್ಲೂಕುಗಳ ದಂಡೆಯಲ್ಲಿ ಆಗ ಬಿರುಕುಬಿಟ್ಟ ಮಣ್ಣು ಕಾಣಿಸಿಕೊಳ್ಳುತ್ತದೆ. ಎಂದೋ ಮುಳುಗಿಹೋದ ಊರುಗಳ ಗೋಡೆಯ ಕಲ್ಲುಗಳು ಒಂದೊಂದಾಗಿ ತಲೆಯೆತ್ತುತ್ತವೆ. ಮಳೆಗಾಲ ಬಂದು ನದಿ ತುಂಬಿದರೆ ಅದೇ ಸ್ಥಳದಲ್ಲಿ ಕಣ್ಣು ಹಾಯುವವರೆಗೂ ನೀರು. ಕೂಡ್ಲಿಗಿ, ಕೊಟ್ಟೂರುಗಳ ಒಣನೆಲದಿಂದ ಬಂದವರಿಗೆ ಅದು ಸಮುದ್ರವೇ ಸರಿ. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ಅಣೆಕಟ್ಟು ಈ ಸೀಮೆಗೆ ಅನ್ನವನ್ನು ನೀಡಿತು. ಹಲವು ಹಳ್ಳಿಗಳನ್ನು ತನ್ನ ಒಡಲಿಗೆ ತೆಗೆದುಕೊಂಡಿತು. ಹೊಳೆಯನ್ನು ದಾಟಿಸುತ್ತಿದ್ದ ಅಂಬಿಗರಲ್ಲಿ ಅನೇಕರು ಬಲೆ ಹಿಡಿದು ಮೀನುಗಾರರಾದರು.

ಆ ದಂಡೆಯ ಒಂದು ಊರಿನಲ್ಲಿ ಎಪ್ಪತ್ತು ದಾಟಿದ ಅಂಬಿಗನೊಬ್ಬನಿದ್ದಾನೆ. ಅಣೆಕಟ್ಟು ಕಟ್ಟುವುದಕ್ಕೆ ಮೊದಲು ಆತನ ತಂದೆ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದನು. ಆಗ ಈ ದಡ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಆ ದಡ ನಿಜಾಮರ ಹೈದರಾಬಾದು ಸಂಸ್ಥಾನ. ಒಂದು ಸರ್ಕಾರದ ನೆಲದಿಂದ ಇನ್ನೊಂದು ಸರ್ಕಾರದ ನೆಲಕ್ಕೆ ಸಂತೆಯ ಜನರನ್ನೂ, ಕಾಳಿನ ಚೀಲಗಳನ್ನೂ, ಮದುವೆಯ ದಿಬ್ಬಣಗಳನ್ನೂ ಒಂದು ದುಂಡಗಿನ ಬುಟ್ಟಿಯಲ್ಲಿ ಕೂರಿಸಿ ದಾಟಿಸುವುದು ಆತನ ಕಾಯಕವಾಗಿತ್ತು.

ಹರಿಗೋಲು ಈ ನಾಡಿಗೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿನ ಜನ ಬುಟ್ಟಿಯಂತಹ ದೋಣಿಗಳಲ್ಲಿ ನದಿಯನ್ನು ದಾಟುವುದನ್ನು ನೋಡಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಮಂದಿಯನ್ನು ಹೊರುವ ಶಕ್ತಿ. ಬೇಕೆಂದಾಗ ಕುದುರೆ ಎತ್ತುಗಳನ್ನೂ ಅದರಲ್ಲಿಯೇ ದಾಟಿಸುತ್ತಿದ್ದರಂತೆ. ಅಂದಿನಿಂದ ನಾಲ್ಕು ನೂರಕ್ಕೂ ಹೆಚ್ಚು ವರ್ಷಗಳ ಕಾಲ ಹರಿಗೋಲಿನ ಆಕಾರವಾಗಲಿ, ಅದನ್ನು ಕಟ್ಟುವ ಕ್ರಮವಾಗಲಿ ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು ಹೊದಿಕೆ. ಚರ್ಮ ದುಬಾರಿಯಾದ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಡಿಸಿ ಹೊಲಿದು, ಬಿದಿರಿನ ಹೆಣಿಗೆಗೆ ಹೊದಿಸಿ, ಮೇಲೆ ಕಾಯಿಸಿದ ಡಾಂಬರು ಬಳಿಯುವ ರೂಢಿ ಬಂತು.

ಈ ಅಂಬಿಗನು ತನ್ನ ಬಾಳಿನ ಬಹುಭಾಗವನ್ನು ಅಂತಹ ಹರಿಗೋಲಿನಲ್ಲಿಯೇ ಕಳೆದನು. ಪ್ರತಿ ವರ್ಷ ಬೇಸಿಗೆಯಲ್ಲಿ ಅದನ್ನು ದಂಡೆಗೆ ಎಳೆದು ಬೋರಲು ಹಾಕುವುದು, ಮುರಿದ ಬಿದಿರಿನ ಸೀಳುಗಳನ್ನು ಕಿತ್ತು ಹೊಸವನ್ನು ಸೇರಿಸುವುದು, ಹರಿದ ಚೀಲಕ್ಕೆ ತೇಪೆ ಹಾಕುವುದು, ಡಾಂಬರನ್ನು ಕಾಯಿಸಿ ಬಳಿಯುವುದು, ಇವೆಲ್ಲ ಹಬ್ಬ ಹರಿದಿನಗಳಂತೆ ತಪ್ಪದೆ ನಡೆಯುತ್ತಿದ್ದವು. ಅದು ಶ್ರಮದ ಕೆಲಸ. ಕೈ ಸುಡುವ ಕೆಲಸ. ಆದರೆ ಹರಿಗೋಲಿನ ತಳದ ಪ್ರತಿಯೊಂದು ಗೇಣೂ ಆತನ ಅಂಗೈಗೆ ಪರಿಚಯವಾಗಿತ್ತು.

ಒಳನಾಡು ಮೀನುಗಾರರಿಗೆ ಮೀನುಗಾರಿಕೆ ಇಲಾಖೆಯು ಸಹಾಯಧನದ ಮೂಲಕ ಫೈಬರ್ ಗ್ಲಾಸಿನ ಹರಿಗೋಲುಗಳನ್ನು ಒದಗಿಸತೊಡಗಿದ ಮೇಲೆ ಈ ಮನೆಗೂ ಒಂದು ಬಂತು. ಅದರಲ್ಲಿ ಬಿದಿರಿಲ್ಲ, ಹೆಣಿಗೆಯಿಲ್ಲ, ಹೊಲಿಗೆಯಿಲ್ಲ. ಒಣಗಿದ ಸೋರೆಬುರುಡೆಯನ್ನು ಅರ್ಧಕ್ಕೆ ಕೊಯ್ದಂತೆ ಒಂದೇ ಚಿಪ್ಪು, ಹೊಳೆಯುವ ಮೈ. ಮೊಮ್ಮಗನು ಹಿಗ್ಗಿಹೋದನು. ಅಜ್ಜನು ಅದರ ಸುತ್ತ ಎರಡು ಸಲ ತಿರುಗಿ, ಅಂಚನ್ನು ಮುಟ್ಟಿ ನೋಡಿ, “ಇದಕ್ಕೆ ನಮ್ಮ ಕೈ ಬೇಕಾಗಂಗಿಲ್ಲ ಅಂತ ಕಾಣ್ತೈತಿ, ತಮ್ಮಾ” ಎಂದಷ್ಟೇ ನುಡಿದನು. ಆ ಮಾತಿನಲ್ಲಿ ಮೆಚ್ಚುಗೆಯಿತ್ತೋ ಬೇಸರವಿತ್ತೋ ಯಾರಿಗೂ ತಿಳಿಯಲಿಲ್ಲ.

ಅಜ್ಜನ ಮಾತು ನಿಜವೆಂಬಂತೆಯೇ ಕೆಲವು ವರ್ಷಗಳು ಕಳೆದವು. ಡಾಂಬರಿನ ಒಲೆ ಹೂಡುವ ಕೆಲಸ ತಪ್ಪಿತು. ಹರಿಗೋಲು ಕೊಳೆಯಲಿಲ್ಲ, ಗೆದ್ದಲು ಹಿಡಿಯಲಿಲ್ಲ. ಬೋರಲು ಹಾಕಿ ನೋಡುವ ಅಭ್ಯಾಸವೂ ಮೆಲ್ಲಮೆಲ್ಲನೆ ತಪ್ಪಿಹೋಯಿತು. ನೋಡುವುದಕ್ಕೆ ಏನಿದೆ? ಅದು ಹಾಳಾಗದ ವಸ್ತು ಎಂದು ಮನೆಯವರೆಲ್ಲ ನಂಬಿದ್ದರು.

ಒಂದು ಬೇಸಿಗೆಯಲ್ಲಿ ಇಳಿದ ನೀರಿನ ಕೆಳಗಿದ್ದ ಹಳೆಯ ಗೋಡೆಯೊಂದರ ಕಲ್ಲು ಹರಿಗೋಲಿನ ತಳಕ್ಕೆ ಬಡಿಯಿತು. ಗೇಣುದ್ದದ ಬಿರುಕು ಕಾಣಿಸಿತು. ಅದರ ಅಂಚಿನಲ್ಲಿ ಬಿಳಿಯ ಎಳೆಗಳು ಹೊರಚಾಚಿದ್ದವು. ಮೊದಲು ಅಜ್ಜನ ವಿದ್ಯೆಯಂತೆ ಡಾಂಬರು ಬಳಿದರು. ಚೀಲಕ್ಕೂ ಬಿದಿರಿಗೂ ಒಗ್ಗಿದ್ದ ಡಾಂಬರು ಆ ನುಣುಪಾದ ಮೈಗೆ ಒಗ್ಗಲಿಲ್ಲ. ಮೂರನೆಯ ದಿನವೇ ಹಪ್ಪಳದಂತೆ ಎದ್ದು ಬಂತು.

ಮೊಮ್ಮಗನು ಹೊಸಪೇಟೆಗೆ ಹೋಗಿ ಒಂದು ಡಬ್ಬಿ ರಾಳವನ್ನೂ, ಅದನ್ನು ಗಟ್ಟಿಗೊಳಿಸುವ ದ್ರವದ ಸಣ್ಣ ಸೀಸೆಯನ್ನೂ, ಗಾಜಿನೆಳೆಯ ಚಾಪೆಯ ಒಂದು ತುಂಡನ್ನೂ ತಂದನು. ರಾಳವು ಜೇನಿನಂತೆ ಮಂದವಾಗಿತ್ತು. ಅದರ ವಾಸನೆ ಮೂಗಿಗೆ ಚುಚ್ಚುತ್ತಿತ್ತು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಕುಳಿತು ರಾಳವನ್ನು ಒಂದು ಲೋಟಕ್ಕೆ ಸುರಿದು, ಬೇಗ ಗಟ್ಟಿಯಾಗಲೆಂದು ಸೀಸೆಯ ದ್ರವವನ್ನು ಧಾರಾಳವಾಗಿ ಬೆರೆಸಿದನು. ಚಾಪೆಯನ್ನು ಕತ್ತರಿಸಿ ಮುಗಿಸುವಷ್ಟರಲ್ಲಿ ಲೋಟ ಕೈಗೆ ಬಿಸಿಯಾಗತೊಡಗಿತು. ನೋಡುನೋಡುತ್ತಿದ್ದಂತೆ ಹೊಗೆಯಾಡಿ, ಪ್ಲಾಸ್ಟಿಕ್ ಲೋಟವೇ ಸೊಟ್ಟಗಾಗಿ, ಒಳಗಿನ ರಾಳ ಬಿರುಕುಬಿಟ್ಟ ಕಲ್ಲಾಯಿತು. ಕುಂಚವೂ ಅದರೊಳಗೇ ಸಿಕ್ಕಿಕೊಂಡಿತು.

ಉಳಿದ ರಾಳದಲ್ಲಿ ಎರಡನೆಯ ಪ್ರಯತ್ನ ನಡೆಯಿತು. ಈ ಸಲ ಹೆದರಿ, ದ್ರವವನ್ನು ನಾಲ್ಕಾರು ಹನಿಗಳಷ್ಟೇ ಹಾಕಿದನು. ಆ ಸಂಜೆ ನೀರಿನಿಂದ ಎಳೆದು ತಂದ ಹರಿಗೋಲನ್ನು ಬಟ್ಟೆಯಿಂದ ಒರಸಿ, ಅದರ ಮೇಲೆಯೇ ತೇಪೆ ಹಾಕಿದನು. ಬೆಳಿಗ್ಗೆ ಮುಟ್ಟಿದರೆ ತುಸು ಅಂಟಂಟು. ಆದರೂ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಎರಡು ದಿನ ನೀರಿಗಿಳಿದರೂ ಏನೂ ಆಗಲಿಲ್ಲ.

ಮೂರನೆಯ ದಿನ ನಸುಕಿನಲ್ಲಿ ಅಜ್ಜ ಮೊಮ್ಮಗ ಇಬ್ಬರೂ ಬಲೆ ಎತ್ತಲು ಹೋದರು. ದಂಡೆ ಮಸುಕಾಗಿ ದೂರ ಸರಿದಿತ್ತು. ಬಲೆಯನ್ನು ಒಳಗೆ ಎಳೆದುಕೊಂಡ ಭಾರಕ್ಕೆ ತಳ ತುಸು ಬಾಗಿದಂತಾಯಿತು. ತೇಪೆ ಒಂದು ಅಂಚಿನಿಂದ ಬಾಯಿ ತೆರೆಯಿತು. ಮೊದಲು ಪಾದ ನೆನೆಯಿತು. ಮರುಗಳಿಗೆಯಲ್ಲಿ ನೀರು ಕಣಕಾಲಿಗೆ ಬಂತು. ಅಜ್ಜನು ಕೂಗಲಿಲ್ಲ. ತಲೆಯ ರುಮಾಲನ್ನು ಬಿಚ್ಚಿ ಉಂಡೆಮಾಡಿ ಬಿರುಕಿಗೆ ತುರುಕಿ, ಅದರ ಮೇಲೆ ಮಂಡಿಯೂರಿ ಕುಳಿತನು. “ಬಲಿ ಬಿಡು. ನೀರು ಚೆಲ್ಲು” ಎಂದನು. ಹಿಡಿದ ಮೀನಿನೊಡನೆ ಬಲೆ ನೀರಿಗೆ ಹೋಯಿತು. ಹುಡುಗನು ಒಂದು ಕೈಯಲ್ಲಿ ಡಬ್ಬಿಯಿಂದ ನೀರನ್ನು ಎತ್ತಿ ಚೆಲ್ಲುತ್ತ, ಮತ್ತೊಂದು ಕೈಯಲ್ಲಿ ಹುಟ್ಟು ಹಾಕುತ್ತ, ದಂಡೆ ಸೇರುವ ವೇಳೆಗೆ ಸೂರ್ಯ ಮೇಲೆ ಬಂದಿದ್ದನು. ಅಜ್ಜನ ಮಂಡಿಗಳು ಮರಗಟ್ಟಿಹೋಗಿದ್ದವು. ಇಬ್ಬರು ಹಿಡಿದು ಎತ್ತಬೇಕಾಯಿತು.

ಆ ದಿನ ಹುಡುಗನು ಊಟ ಮಾಡಲಿಲ್ಲ. “ಈ ದರಿದ್ರದ ಹರಿಗೋಲೇ ಬ್ಯಾಡ ಅಜ್ಜಾ, ನಮ್ಮ ಬಿದಿರಿಂದೇ ಕಟ್ಟೋಣು” ಎಂದನು. ಅಜ್ಜನು ಬಹಳ ಹೊತ್ತು ಸುಮ್ಮನಿದ್ದು ಹೇಳಿದನು: “ಬಿದಿರಿಂದೂ ಮುಳುಗೇತಿ, ತಮ್ಮಾ. ನಾ ಸಣ್ಣಾವ ಇದ್ದಾಗ ಡಾಂಬರು ಹದಾ ತಿಳಿಲಾರದ ನಾನೂ ಮುಳುಗಿಸೀನಿ. ತಪ್ಪು ಅದರದಲ್ಲ. ಅದರ ಸ್ವಭಾವ ನಮಗ ಗೊತ್ತಿಲ್ಲ. ಗೊತ್ತಿದ್ದವರನ್ನ ಕೇಳೋಣು.”

ಮರುದಿನ ಇಬ್ಬರೂ ಪ್ರೌಢಶಾಲೆಯ ವಿಜ್ಞಾನದ ಮಾಸ್ತರರ ಮನೆಗೆ ಹೋದರು. ಕಿತ್ತುಬಂದ ತೇಪೆಯನ್ನೂ, ಲೋಟದಲ್ಲಿ ಕಲ್ಲಾದ ರಾಳವನ್ನೂ ಹುಡುಗನು ಅವರ ಮುಂದಿಟ್ಟನು. ಮಾಸ್ತರರು ಎರಡನ್ನೂ ತಿರುಗಿಸಿ ನೋಡಿ, ಮೊದಲು ರಾಳವೆಂದರೇನೆಂಬುದನ್ನು ವಿವರಿಸಿದರು.

ಮನುಷ್ಯನಿಗೆ ರಾಳದ ಪರಿಚಯ ಬಹಳ ಹಳೆಯದು. ಮರದಿಂದ ಒಸರುವ ರಾಳ, ಕೀಟಗಳು ಕೊಂಬೆಗಳ ಮೇಲೆ ಕಟ್ಟುವ ಅರಗು, ಇವೆರಡನ್ನೂ ನಮ್ಮ ಹಿರಿಯರು ಬಲ್ಲರು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಕಥೆ ಯಾರಿಗೆ ತಿಳಿಯದು? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. 1962ರ ಚುನಾವಣೆಯಿಂದೀಚೆಗೆ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿಯನ್ನು ತಯಾರಿಸುತ್ತಿರುವುದೂ ಆ ಕಾರ್ಖಾನೆಯೇ. ಅರಗನ್ನು ಕಾಯಿಸಿದರೆ ಕರಗುತ್ತದೆ, ತಣಿಸಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ.

ಮಾಸ್ತರರು ತಮ್ಮ ಮನೆಯ ಗೋಡೆಯನ್ನು ತೋರಿಸಿದರು. ಅದಕ್ಕೆ ಬಳಿದದ್ದು ಅಕ್ರಿಲಿಕ್ ಎಂಬ ಇನ್ನೊಂದು ರಾಳದ ಬಣ್ಣ. ಹಾಲಿನಲ್ಲಿ ಬೆಣ್ಣೆಯ ಕಣಗಳು ತೇಲುವಂತೆ ಆ ರಾಳದ ಅತಿ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಗೋಡೆಗೆ ಬಳಿದಾಗ ನೀರು ಆರಿಹೋಗುತ್ತದೆ. ಕಣಗಳು ಒಂದನ್ನೊಂದು ಒತ್ತಿ, ಬೆರೆತು, ಪದರವಾಗುತ್ತವೆ. ಮುಂದೆ ಮಳೆ ಬಿದ್ದರೂ ಅದು ತೊಳೆದುಹೋಗುವುದಿಲ್ಲ. ಅದು ಒಣಗುವ ರಾಳ.

“ಹರಿಗೋಲಿನ ರಾಳ ಒಣಗುವುದಿಲ್ಲ; ಅದು ಕೂಡಿಕೊಳ್ಳುತ್ತದೆ” ಎಂದರು ಮಾಸ್ತರರು. ಅದರ ಹೆಸರು ಅಪರ್ಯಾಪ್ತ ಪಾಲಿಯೆಸ್ಟರ್. ಆಮ್ಲ ಮತ್ತು ಗ್ಲೈಕಾಲುಗಳು ಕೂಡಿ ಆದ ಉದ್ದನೆಯ ಅಣುಸರಪಳಿಗಳು ಅದರಲ್ಲಿವೆ. ಆ ಸರಪಳಿಗಳಲ್ಲಿ ಅಲ್ಲಲ್ಲಿ ದ್ವಿಬಂಧಗಳಿವೆ. ಅಲ್ಲಿ ಇನ್ನೊಂದು ಅಣು ಬಂದು ಸೇರಲು ಅವಕಾಶವಿರುವುದರಿಂದಲೇ ಅಪರ್ಯಾಪ್ತ ಎಂಬ ಹೆಸರು. ಸರಪಳಿಗಳನ್ನು ಸ್ಟೈರೀನ್ ಎಂಬ ತೆಳುವಾದ ದ್ರವದಲ್ಲಿ ಕರಗಿಸಿರುತ್ತಾರೆ. ಮೂಗಿಗೆ ಚುಚ್ಚುವುದು ಆ ಸ್ಟೈರೀನೇ. ಮೇದಾರನು ಬುಟ್ಟಿ ಹೆಣೆಯುವಾಗ ಉದ್ದ ಸೀಳುಗಳ ನಡುವೆ ಅಡ್ಡ ಸೀಳುಗಳನ್ನು ಸೇರಿಸುವನಲ್ಲವೇ? ಹಾಗೆ ಸ್ಟೈರೀನು ಒಂದು ಸರಪಳಿಯನ್ನು ಮತ್ತೊಂದಕ್ಕೆ ಅಡ್ಡಲಾಗಿ ಬಿಗಿಯುತ್ತದೆ. ಆ ಹೆಣಿಗೆಯನ್ನು ಆರಂಭಿಸುವುದು ಸೀಸೆಯಲ್ಲಿದ್ದ ಪೆರಾಕ್ಸೈಡ್ ದ್ರವ. ಒಮ್ಮೆ ಹೆಣಿಗೆ ಮುಗಿದರೆ ಬಿಚ್ಚಲು ಬರುವುದಿಲ್ಲ. ಅರಗಿನಂತೆ ಮತ್ತೆ ಕರಗಿಸಲೂ ಬರುವುದಿಲ್ಲ. ಇಂತಹ ರಾಳದಲ್ಲಿ ಗಾಜಿನೆಳೆಯನ್ನು ನೆನೆಸಿ ದೋಣಿ ಮಾಡಬಹುದೆಂದು 1942ರಲ್ಲಿ ಅಮೆರಿಕದ ರೇ ಗ್ರೀನ್ ಎಂಬಾತನು ತೋರಿಸಿಕೊಟ್ಟನು. ಎಳೆ ಬಲವನ್ನು ಕೊಡುತ್ತದೆ. ರಾಳ ಎಳೆಗಳನ್ನು ಹಿಡಿದಿಟ್ಟು ನೀರನ್ನು ತಡೆಯುತ್ತದೆ.

“ಹಂಗಾರೆ ಇದೂ ಬಿದಿರಿನ ಬುಟ್ಟೀನೇ ಅನ್ರಿ, ಮಾಸ್ತರ. ಕಣ್ಣಿಗೆ ಕಾಣಂಗಿಲ್ಲ, ಅಷ್ಟೇ” ಎಂದನು ಅಜ್ಜ. ಮಾಸ್ತರರು ನಕ್ಕು ಹೌದೆಂದರು.

ಹುಡುಗನ ತಪ್ಪುಗಳನ್ನು ಅವರು ಒಂದೊಂದಾಗಿ ಬಿಡಿಸಿದರು. ಕೂಡಿಕೊಳ್ಳುವ ಪ್ರತಿಯೊಂದು ಕೊಂಡಿಯೂ ತುಸು ಬಿಸಿಯನ್ನು ಹೊರಹಾಕುತ್ತದೆ. ತೆಳುವಾಗಿ ಬಳಿದಾಗ ಆ ಬಿಸಿ ಗಾಳಿಗೆ ಹೋಗುತ್ತದೆ. ಲೋಟದಲ್ಲಿ ಹೋಗಲು ದಾರಿಯಿಲ್ಲ. ಬಿಸಿ ಹೆಚ್ಚಿದಂತೆ ಹೆಣಿಗೆಯ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಂತೆ ಬಿಸಿ ಮತ್ತಷ್ಟು ಹೆಚ್ಚುತ್ತದೆ. ದ್ರವವನ್ನು ಅತಿಯಾಗಿ ಹಾಕಿದ್ದರಿಂದಲೂ ನಡುಹಗಲಿನ ಬಿಸಿಲಿನಿಂದಲೂ ಲೋಟ ಹೊಗೆಯಾಡಿತು. ಎರಡನೆಯ ಸಲ ದ್ರವ ಸಾಲದೆ ಹೆಣಿಗೆ ಅರ್ಧಕ್ಕೇ ನಿಂತಿತು. ಅಲ್ಲದೆ ಹಳೆಯ ಮೈ ನುಣುಪಾಗಿತ್ತು, ತೇವವಾಗಿತ್ತು. ಹೊಸ ರಾಳ ಹಳೆಯದನ್ನು ಕಚ್ಚಿ ಹಿಡಿಯಬೇಕಾದರೆ ಮೈ ಒರಟಾಗಿರಬೇಕು, ಪೂರ್ತಿ ಒಣಗಿರಬೇಕು.

ಮನೆಗೆ ಬಂದು ಹುಡುಗನು ಇದನ್ನೆಲ್ಲ ಅಜ್ಜಿಗೆ ಹೇಳಿದನು. ಆಕೆ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತದೆಯೇ, “ಇದಕ್ಕ ಮಾಸ್ತರ ತನಕ ಹೋಗಬೇಕಾಗಿತ್ತೇನು? ಹಾಲಿಗೆ ಹೆಪ್ಪು ಹಾಕಿದಂಗ ಅಲ್ಲೇನು? ಹೆಪ್ಪು ಹೆಚ್ಚಾದರ ಹುಳಿ, ಕಡಿಮಿ ಆದರ ನೀರು. ಬ್ಯಾಸಿಗಿಗೆ ಒಂದು ಅಳತಿ, ಚಳಿಗಾಲಕ್ಕ ಒಂದು ಅಳತಿ. ಮೊಸರಾದ ಮ್ಯಾಲೆ ಹಾಲು ಬೇಕಂದರ ಸಿಗತೈತೇನು?” ಎಂದಳು. ಮರುದಿನ ಈ ಮಾತನ್ನು ಕೇಳಿದ ಮಾಸ್ತರರು, ಇದಕ್ಕಿಂತ ಚೆನ್ನಾಗಿ ತಾವು ತರಗತಿಯಲ್ಲಿ ಎಂದೂ ಹೇಳಿಲ್ಲವೆಂದು ಒಪ್ಪಿಕೊಂಡರು.

ಮೂರನೆಯ ಸಲದ ಕೆಲಸ ಒಂದು ವಾರ ಹಿಡಿಯಿತು. ಹರಿಗೋಲನ್ನು ಬೋರಲು ಹಾಕಿ ಮೂರು ದಿನ ಬಿಸಿಲಿಗೆ ಒಣಗಿಸಿದರು. ಬಿರುಕಿನ ಸುತ್ತ ನಾಲ್ಕು ಬೆರಳಗಲ ಮರಳುಕಾಗದದಿಂದ ತಿಕ್ಕಿ ಹೊಳಪನ್ನೆಲ್ಲ ತೆಗೆದರು. ಬಿರುಕಿನ ಅಂಚನ್ನು ಇಳಿಜಾರಾಗಿ ಸವೆಸಿ ಧೂಳನ್ನು ಒರಸಿದರು. ಮಾಸ್ತರರು ಶಾಲೆಯ ಪ್ರಯೋಗಶಾಲೆಯ ತಕ್ಕಡಿಯನ್ನು ತಂದರು. ಒಟ್ಟು 200 ಗ್ರಾಂ ಗಾಜಿನೆಳೆಗೆ 500 ಗ್ರಾಂ ರಾಳ. ಅದನ್ನೂ ಒಮ್ಮೆಗೇ ಕಲಸದೆ 250 ಗ್ರಾಂನ ಎರಡು ಪಾಲು. ಬೇಸಿಗೆಯಾದುದರಿಂದ ನೂರಕ್ಕೆ ಒಂದರಂತೆ, ಪ್ರತಿ ಪಾಲಿಗೆ ಎರಡೂವರೆ ಗ್ರಾಂ ದ್ರವ. ಕೆಲಸ ಬೆಳಗಿನ ತಂಪಿನಲ್ಲಿ, ಗಾಳಿಯಾಡುವ ಬಯಲಿನಲ್ಲಿ. ಕೈಗೆ ರಬ್ಬರಿನ ಗವಸು, ಕಣ್ಣಿಗೆ ಕನ್ನಡಕ. ಆ ದ್ರವ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ರಾಳಕ್ಕೆ ಸೇರಿಸುವ ಕೋಬಾಲ್ಟಿನ ವೇಗವರ್ಧಕವನ್ನೂ ಈ ದ್ರವವನ್ನೂ ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬಾರದು, ಬೆರೆಸಿದರೆ ಸಿಡಿಯುತ್ತದೆ ಎಂದು ಮಾಸ್ತರರು ಎರಡೆರಡು ಬಾರಿ ಎಚ್ಚರಿಸಿದರು. ಸ್ಟೈರೀನಿನ ಆವಿಯೂ ಸಾಧುವಲ್ಲ. ಅದು ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಮಂಡಳಿಯು 2018ರಲ್ಲಿ ನಿರ್ಣಯಿಸಿದೆ.

ಚಾಪೆಯ ತುಂಡುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಒಂದರ ಮೇಲೊಂದು ಇಡುತ್ತ, ಕುಂಚದ ತುದಿಯಿಂದ ಒತ್ತಿ ಒತ್ತಿ ಗುಳ್ಳೆಗಳನ್ನು ಹೊರಡಿಸಿದರು. ಒಳಗೂ ಹೊರಗೂ ತೇಪೆ ಕೂತಿತು. ಈ ಸಲ ಲೋಟ ಹೊಗೆಯಾಡಲಿಲ್ಲ. ಕಾಲು ಗಂಟೆಯ ಮೇಲೆ ರಾಳ ಮೊಸರಿನಂತೆ ಹೆಪ್ಪುಗಟ್ಟಿತು; ಸಂಜೆಯ ಹೊತ್ತಿಗೆ ಗಟ್ಟಿಯಾಯಿತು. ಆದರೂ ಇನ್ನೂ ಮೂರು ದಿನ ಅಜ್ಜನು ಹರಿಗೋಲನ್ನು ನೀರಿಗೆ ಇಳಿಸಗೊಡಲಿಲ್ಲ.

ಇಳಿಸುವ ದಿನ ಬೆಳಿಗ್ಗೆ ಆತನು ಬೋರಲು ಬಿದ್ದಿದ್ದ ಹರಿಗೋಲಿನ ಬಳಿ ಕುಳಿತು, ಬೆರಳ ಗೆಣ್ಣಿನಿಂದ ತಳವನ್ನು ಮೆಲ್ಲನೆ ಬಡಿಯುತ್ತ ಕಿವಿಗೊಟ್ಟು ಕೇಳತೊಡಗಿದನು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬಡಿದು ನೋಡುವಂತೆ, ತೇಪೆಯ ನಡುವಿನಿಂದ ಅಂಚಿಗೆ, ಅಂಚಿನಿಂದ ಹಳೆಯ ಮೈಗೆ ಬೆರಳು ಸರಿಯಿತು. ಎಲ್ಲೆಡೆಯೂ ಒಂದೇ ದನಿ. ಒಂದು ಕಡೆ ಮಾತ್ರ, ತೇಪೆಯಿಂದ ಮೊಳದೂರದಲ್ಲಿ, ದನಿ ಪೊಳ್ಳಾಗಿ ಕೇಳಿತು. “ಇಲ್ಲಿ ಒಳಗ ಬಿಟ್ಟೈತಿ ನೋಡು” ಎಂದನು. ಅಲ್ಲಿ ಮೇಲೆ ಬಿರುಕಿರಲಿಲ್ಲ. ಆದರೆ ತಿಕ್ಕಿ ನೋಡಿದಾಗ ಒಳಗಿನ ಪದರ ನಿಜವಾಗಿಯೂ ಬೇರೆಯಾಗಿತ್ತು. ಮಾಸ್ತರರೂ ಕಾಣದಿದ್ದ ದೋಷವದು. ದೊಡ್ಡ ದೋಣಿಗಳನ್ನು ಪರೀಕ್ಷಿಸುವವರೂ ಹೀಗೆಯೇ ಬಡಿದು ನೋಡುತ್ತಾರೆಂದು ಅವರು ಹೇಳಿದಾಗ, ಅಜ್ಜನ ಮುಖದಲ್ಲಿ ಬಹುಕಾಲದ ಮೇಲೆ ಒಂದು ನಗೆ ಮೂಡಿತು. ಈ ಹರಿಗೋಲಿಗೂ ಆತನ ಕೈ ಬೇಕಾಗಿತ್ತು.

ಆ ಜಾಗವನ್ನೂ ಸರಿಪಡಿಸಿದ ಮೇಲೆಯೇ ಹರಿಗೋಲು ನೀರಿಗಿಳಿಯಿತು. ಇಂದು ಅದು ಇನ್ನೂ ತೇಲುತ್ತಿದೆ. ಒಂದಲ್ಲ ಒಂದು ದಿನ ಅದಕ್ಕೂ ಮುಪ್ಪು ಬರುತ್ತದೆ. ಬಿಸಿಲಿಗೆ ರಾಳದ ಮೈ ಸುಣ್ಣದಂತೆ ಪುಡಿಯೇಳುತ್ತದೆ. ಎಳೆಗಳು ಹೊರಗೆ ಕಾಣುತ್ತವೆ. ವರ್ಷಗಟ್ಟಲೆ ನೀರಿನಲ್ಲಿದ್ದರೆ ಮೈಯೊಳಗೆ ಗುಳ್ಳೆಗಳೇಳುತ್ತವೆ. ಬಿದಿರಿನ ಹರಿಗೋಲು ಹಳತಾದರೆ ಅದರ ಸೀಳುಗಳಾದರೂ ಮಣ್ಣಿಗೆ ಸೇರುತ್ತಿದ್ದವು. ಇದು ಮಣ್ಣಾಗದು, ಕರಗದು. ಸುಟ್ಟರೆ ಕರಿಯ ಹೊಗೆ. ಕೊನೆಗೆ ಅದು ಹಿತ್ತಲಲ್ಲಿ ಕೋಳಿಗಳ ಗೂಡಾಗಬಹುದು, ದನಗಳ ಕಲಗಚ್ಚಿನ ತೊಟ್ಟಿಯಾಗಬಹುದು. ಹಾಳಾಗದ ವಸ್ತುವನ್ನು ಮಾಡಿದ ಮನುಷ್ಯನು, ಅದು ಹಳತಾದ ಮೇಲೆ ಏನು ಮಾಡಬೇಕೆಂಬುದನ್ನು ಇನ್ನೂ ಪೂರ್ತಿಯಾಗಿ ಕಲಿತಿಲ್ಲ.

ಈಗ ಪ್ರತಿ ಅಮಾವಾಸ್ಯೆಯಂದು ಆ ದಂಡೆಯಲ್ಲಿ ಹರಿಗೋಲು ಬೋರಲಾಗುತ್ತದೆ. ಅಜ್ಜನ ಕಿವಿ ಮೊದಲಿನಷ್ಟು ಚುರುಕಾಗಿಲ್ಲ. ಆತನು ಪಕ್ಕದಲ್ಲಿ ಕುಳಿತಿರುತ್ತಾನೆ; ಬಡಿದು ಕೇಳುವವನು ಮೊಮ್ಮಗ.